ದಫ್ತರದ ಕೊಂಡಿ

ನಮ್ಮ ಊರಿನಲ್ಲಿ ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಮನೆಯಲ್ಲಿರುತ್ತಾರೆ. ಇರಬೇಕು ಎಂಬ ಕಟ್ಟಳೆಯೇನಲ್ಲ, ಇರುತ್ತಾರೆ ಅಷ್ಟೇ. ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡುತ್ತ ನಿಂತಿರಲಿ, ಹೊಲದ ಬದುವಿನ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿರಲಿ, ಆ ಹೊತ್ತು ಬಂತೆಂದರೆ ಕಾಲು ಅವರವರ ಹೊಸ್ತಿಲ ಮೇಲಿರುತ್ತದೆ. ಯಾವ ಹೊಸ್ತಿಲು ಎಂದರೆ ದಫ್ತರದಲ್ಲಿ ಬರೆದಿರುವ ಹೊಸ್ತಿಲು. ಬೆಳಗಾಗುವ ತನಕ ಅದನ್ನು ದಾಟಲು ಬರುವುದಿಲ್ಲ. ಹಾಗಾಗಿ ನಮ್ಮಲ್ಲಿ ಮದುವೆ, ಭಜನೆ, ಜಗಳ ಎಲ್ಲ ಹಗಲಿನಲ್ಲೇ ಮುಗಿಯುತ್ತವೆ. ಅಂಗಡಿಯವರು ನಾಲ್ಕೂವರೆಗೇ ತಕ್ಕಡಿ ಎತ್ತಿಡುತ್ತಾರೆ. ಪರ ಊರಿನವರು ಮೂರರ ಬಸ್ಸಿಗೇ ಹೊರಟುಬಿಡುತ್ತಾರೆ. ಹೊಸದಾಗಿ ಬಂದ ಸೊಸೆಯರು ಮೊದಮೊದಲು ಯಾರದೋ ಮನೆಯ ಸೌಟು ಕೈಯಲ್ಲಿ ಹಿಡಿದುಕೊಂಡೇ ತಮ್ಮ ಹೊಸ್ತಿಲಿಗೆ ಬಂದುಬಿಟ್ಟು ನಾಚಿಕೊಳ್ಳುತ್ತಾರೆ. ಮರುದಿನ ಆ ಸೌಟು ವಾಪಸು ಕೊಡಲು ಹೋದಾಗಲೇ ನಮ್ಮಲ್ಲಿ ಹೆಂಗಸರ ಗೆಳೆತನ ಶುರುವಾಗುವುದು.

ದಫ್ತರದಲ್ಲಿ ಮನೆಗೊಂದು ಪುಟ. ಮನೆಯವರ ಹೆಸರು, ಹೊಸ್ತಿಲು ಎಲ್ಲಿದೆ, ಬಾಗಿಲು ಯಾವ ದಿಕ್ಕಿಗಿದೆ, ಯಾರ ಮೈಮೇಲೆ ಏನು ಗುರುತಿದೆ ಎಂದೆಲ್ಲ ಅದರಲ್ಲಿ ಬರೆದಿರುತ್ತದೆ. ಅಲ್ಲಿ ಏನಿದೆಯೋ ಊರಿನಲ್ಲಿ ಅದೇ ಇರುತ್ತದೆ. ಹುಟ್ಟು, ಸಾವು, ಮದುವೆ ಬರೆಯಲು ಪಂಚರ ಸಹಿ ಸಾಕು. ಬೇರೆ ಏನು ಬದಲಾಗಬೇಕಾದರೂ ಅರ್ಜಿ ಕೊಡಬೇಕು. ಒಂದು ಜನ್ಮಕ್ಕೆ ಒಂದೇ ಅರ್ಜಿ. ಅದರ ಕೊನೆಗೆ ‘ನನಗೆ ಹೇಗೋ ಊರಿಗೂ ಹಾಗೆ’ ಎಂದು ಬರೆಯಲೇಬೇಕು. ತನಗೊಬ್ಬನಿಗೇ ಕೇಳಿಕೊಂಡವನ ಅರ್ಜಿಯನ್ನು ದಫ್ತರ ಓದುವುದಿಲ್ಲ. ಹಿರಿಯರು ಇಟ್ಟ ಮರ್ಯಾದೆ ಅದು. ತಲೆತಲಾಂತರದಿಂದ ಎಲ್ಲರೂ ಬರೆಯುತ್ತ ಬಂದಿದ್ದರು, ಯಾರಿಗೂ ಅದರಿಂದ ಏನೂ ಆಗಿರಲಿಲ್ಲ.

ಆ ದಫ್ತರದ ಯಂತ್ರ ನೋಡಿಕೊಳ್ಳುವವಳು ನಾನು. ಹೆಸರು ಚನ್ನಂಬಿಕಾ, ಊರಿನವರಿಗೆ ಅಂಬವ್ವ. ಚರ್ಮದ ಹೊದಿಕೆಯ ಹಳೆಯ ಪುಸ್ತಕಗಳಲ್ಲಿದ್ದ ದಫ್ತರವನ್ನು ಕಂಪ್ಯೂಟರಿಗೆ ಹತ್ತಿಸಿದವಳೂ ನಾನೇ. ನನ್ನ ಎಡಗಾಲು ಗಿಡ್ಡ, ನಾಲಿಗೆ ಉದ್ದ, ಕೆಲಸದಲ್ಲಿ ಊರಿನಲ್ಲಿ ನನ್ನ ಸರಿಸಮ ಇನ್ನೊಬ್ಬರಿಲ್ಲ. ಇದು ಜಂಬವಲ್ಲ. ಈ ಕೆಲಸ ಬಲ್ಲ ಇನ್ನೊಬ್ಬರು ಇಲ್ಲವೇ ಇಲ್ಲ.

ನನಗೆ ಒಬ್ಬಳೇ ಅಕ್ಕ, ನೀಲಗಂಗಾ. ಏಳು ವರ್ಷ ದೊಡ್ಡವಳು. ಅವಳ ಹೆಸರು ಇದ್ದದ್ದು ಗಂಡ ಅಡಿವೆಪ್ಪನ ಪುಟದಲ್ಲಿ. ಅಡಿವೆಪ್ಪ ಊರಿನ ಐದು ಜನ ಪಂಚರಲ್ಲಿ ಒಬ್ಬ, ಗಟ್ಟಿ ಕುಳ, ಅವನು ಬಾಯಿ ತೆರೆದರೆ ಸಭೆಯೆಲ್ಲ ಬಾಯಿ ಮುಚ್ಚುತ್ತದೆ. ಮನೆಯಲ್ಲಿ ಮಾತ್ರ ಅವನ ಬಾಯಿ ಮುಚ್ಚಿ ಹತ್ತೊಂಬತ್ತು ವರ್ಷವಾಗಿತ್ತು. ಮಕ್ಕಳಾಗಲಿಲ್ಲವೆಂದು ಒಂದು ದಿನ ಅಕ್ಕನ ಜೊತೆ ಮಾತು ಬಿಟ್ಟವನು ಮತ್ತೆ ಆಡಲಿಲ್ಲ. ಹೊಡೆಯುತ್ತಿರಲಿಲ್ಲ; ಹೊಡೆದಿದ್ದರೆ ಊರಾದರೂ ಎದ್ದು ನಿಲ್ಲುತ್ತಿತ್ತು. ಉಪ್ಪು ಬೇಕಾದರೆ ತಾಟಿನ ಅಂಚಿಗೆ ಉಗುರಿನಿಂದ ಬಡಿಯುತ್ತಿದ್ದ. ನೀರು ಬೇಕಾದರೆ ತಂಬಿಗೆಯನ್ನು ಕಾಲಿನಿಂದ ಅವಳ ಕಡೆ ಸರಿಸುತ್ತಿದ್ದ. ಅಕ್ಕ ಬೆಳಗಾದ ಕೂಡಲೇ ನನ್ನ ಮನೆಗೆ ಬರುತ್ತಿದ್ದಳು. ಹಗಲೆಲ್ಲ ನಗುತ್ತಿದ್ದಳು, ಹಾಡುತ್ತಿದ್ದಳು, ನನ್ನ ಸಾರಿಗೆ ಹುಳಿ ಹೆಚ್ಚಾಯಿತೆಂದು ಬೈಯುತ್ತಿದ್ದಳು. ಬಿಸಿಲು ಹಳದಿಗೆ ತಿರುಗಿತೆಂದರೆ ಅವಳ ಮಾತು ಕಡಿಮೆಯಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ನನ್ನ ಅಡುಗೆಮನೆಯಲ್ಲಿ ಅವಳು ಕೂತಿದ್ದ ಮಣೆ ಮಾತ್ರ ಉಳಿಯುತ್ತಿತ್ತು. ಹತ್ತೊಂಬತ್ತು ವರ್ಷ ದಿನಾ ಆ ಖಾಲಿ ಮಣೆಯನ್ನು ಎತ್ತಿಟ್ಟಿದ್ದೇನೆ, ದಿನಾ ನನ್ನ ಹೊಟ್ಟೆ ಉರಿದಿದೆ.

ಅರ್ಜಿ ಕೊಡು ಎಂದು ನಾನು ಹೇಳದ ವರ್ಷವಿಲ್ಲ. “ಅಪ್ಪ ಇರೂತನಕ ಬ್ಯಾಡ ಅಂಬಿ. ಅವನ ಕಣ್ಣಮುಂದ ಬ್ಯಾಡ,” ಎನ್ನುತ್ತಿದ್ದಳು. ಅಪ್ಪ ಹೋದ. ವರ್ಷಾಂತಿಕ ಮುಗಿದ ಮರುದಿನ ಅಕ್ಕ ನನ್ನ ಮೇಜಿನ ಮುಂದೆ ಬಂದು ನಿಂತು, “ನನಗ ನನ್ನದೇ ಒಂದು ಪುಟ ಬೇಕು. ಬರದಿಟ್ಟೀನಿ,” ಎಂದಳು. ಮಡಿಸಿದ ಕಾಗದ ಅವಳ ಕೈಯಲ್ಲಿತ್ತು. ಒಬ್ಬರ ಅರ್ಜಿಯನ್ನು ಇನ್ನೊಬ್ಬರು ಓದುವ ಪದ್ಧತಿ ನಮ್ಮಲ್ಲಿಲ್ಲ. ದಫ್ತರದ ಕಿಟಕಿಯ ಬಳಿ ಬಂದು ಅವರವರೇ ಕೀಲಿಮಣೆ ಒತ್ತಿ ಕಳಿಸಬೇಕು. ನಾನೇ ಕದ್ದುಮುಚ್ಚಿ ಒಳಗಿಂದ ತಿದ್ದಿಬಿಡೋಣವೆಂದರೆ, ಕಿಟಕಿಯಿಂದ ಬರದದ್ದು ದಫ್ತರಕ್ಕೆ ಅಂಟುವುದಿಲ್ಲ. ಹಿಂದೊಮ್ಮೆ ಮಾಡಿ ನೋಡಿದ್ದೇನೆ ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಸೋಮವಾರ ಒಳ್ಳೆಯ ದಿನ, ಅವತ್ತೇ ಬಾ ಎಂದೆ ಅಕ್ಕನಿಗೆ. ಅವಳ ದುರದೃಷ್ಟ, ಭಾನುವಾರ ಊರಿನ ಬಾಗಿಲುಗಳು ತಿರುಗಿದವು.

ಅದು ಆದದ್ದು ಹೀಗೆ. ಅರ್ಜಿ ಬರುವ ಕಿಟಕಿ ಒಂದು ಕಡೆ, ದಫ್ತರವಿರುವ ಡೇಟಾಬೇಸ್ ಇನ್ನೊಂದು ಕಡೆ. ಕಿಟಕಿಯ ಹಿಂದೆ ಕೆಲಸ ಮಾಡುವ ಸರ್ವರಿನ ಪ್ರೋಗ್ರಾಮು ನಾನು ಬರೆದದ್ದು. ಇವೆರಡರ ನಡುವೆ ಮಾತು ಹೊತ್ತು ಹೋಗಿಬರಲು ಒಂದು ಕೊಂಡಿ ಬೇಕು. ಅದನ್ನು ಯಾರೂ ಮನೆಯಲ್ಲಿ ಮಾಡಿಕೊಳ್ಳುವುದಿಲ್ಲ, ಹೊರಗಿನಿಂದ ತಂದು ಹಾಕಿಕೊಳ್ಳುತ್ತಾರೆ. ನಾನೂ ಹಾಗೇ ಒಂದನ್ನು ತಂದು ಹಾಕಿ ಮರೆತಿದ್ದೆ. ಹೋದ ಮಳೆಗಾಲಕ್ಕೆ ಡೇಟಾಬೇಸನ್ನು ಹೊಸದು ಮಾಡಿದೆ, ಕೊಂಡಿ ಹಳೆಯದೇ ಉಳಿಯಿತು. ನಡೆಯುತ್ತಿದ್ದುದನ್ನು ಯಾಕೆ ಮುಟ್ಟಬೇಕು ಎಂದುಕೊಂಡೆ. ಜೀವಮಾನದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದೊಂದೇ, ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ.

ಹಳೆಯ ಕೊಂಡಿ ನನ್ನ ಅಪ್ಪಣೆಯನ್ನೂ ಅರ್ಜಿದಾರರ ಮಾತನ್ನೂ ಒಂದೇ ಉಂಡೆ ಕಟ್ಟಿ ಒಯ್ಯುತ್ತಿತ್ತು. ಹಳೆಯ ಡೇಟಾಬೇಸಿಗೆ ಅದರ ಗಂಟು ಬಿಚ್ಚಿ ಬೇರೆ ಮಾಡುವುದು ಗೊತ್ತಿತ್ತು, ಹೊಸದಕ್ಕೆ ಗೊತ್ತಿರಲಿಲ್ಲ. ಡೇಟಾಬೇಸ್ ಹೊಸದಾದ ಮೇಲಿನ ಮೊದಲ ಅರ್ಜಿ ಎಣ್ಣೆ ಗಾಣದ ಗುರುಪಾದಪ್ಪನದು. ಅವನು ತನ್ನ ಬಾಗಿಲು ಉತ್ತರಕ್ಕೆ ತಿರುಗಲಿ ಎಂದು ಅರ್ಜಿ ಹಾಕಿದ. ಕೊನೆಗೆ ಎಲ್ಲರಂತೆ ‘ನನಗೆ ಹೇಗೋ ಊರಿಗೂ ಹಾಗೆ’ ಎಂದು ಬರೆದ. ಡೇಟಾಬೇಸ್ ಅದನ್ನೂ ಅಪ್ಪಣೆ ಎಂದೇ ತಿಳಿಯಿತು. ಊರಿನ ನಾನೂರ ಹನ್ನೆರಡು ಬಾಗಿಲುಗಳು ಉತ್ತರಕ್ಕೆ ತಿರುಗಿದವು. ಕೆಲವರ ಬಾಗಿಲು ಪಕ್ಕದ ಮನೆಯ ಗೋಡೆಗೆ ತೆರೆಯಿತು, ಪೂಜಾರಿಯ ಬಾಗಿಲು ಬಾವಿಯ ಕಡೆಗೆ. ಅವನು ಕಾಲಿಡುವ ಮುನ್ನ ಕೆಳಗೆ ನೋಡಿದ್ದು ಪುಣ್ಯ.

ಪಂಚರಲ್ಲಿ ಹಿರಿಯವಳು ಸಾವಂತ್ರವ್ವ, ಎಪ್ಪತ್ತರ ಹತ್ತಿರದ ಹೆಂಗಸು, ಹೆದರುವವಳಲ್ಲ. ನನ್ನಿಂದ ವಿಷಯ ತಿಳಿದುಕೊಂಡು, ತನ್ನ ಜನ್ಮದ ಅರ್ಜಿಯನ್ನು ಅಲ್ಲೇ ನಿಂತು ಬರೆದಳು: ನನ್ನ ಬಾಗಿಲು ನಿನ್ನೆ ಇದ್ದ ಹಾಗೆ ಇರಲಿ, ನನಗೆ ಹೇಗೋ ಊರಿಗೂ ಹಾಗೆ. ಬಾಗಿಲುಗಳು ಮೊದಲಿನಂತಾದವು. ಆದರೆ ಪುಕ್ಕಟೆ ಮಾಲು ಸಿಹಿ ಎನ್ನುವ ಜನ ಎಲ್ಲ ಕಡೆ ಇರುತ್ತಾರೆ. ಒಬ್ಬ ಕೇಳಿದರೆ ಊರಿಗೆಲ್ಲ ಸಿಗುತ್ತದಲ್ಲ ಎಂದು ಬಡಿಗೇರ ಮೌನೇಶ ಊರಿಗೆ ಉಪಕಾರ ಮಾಡಲು ಹೊರಟ. ತನಗೆ ಮಧ್ಯಾಹ್ನ ಒಳ್ಳೆಯ ನಿದ್ದೆ ಬರಲಿ ಎಂದು ಕೇಳಿದ. ಮಧ್ಯಾಹ್ನ ಇಡೀ ಊರು ಇದ್ದಲ್ಲೇ ಮಲಗಿತು. ಒಲೆಯ ಮೇಲಿನ ಹಾಲು ಉಕ್ಕಿ ಹೊತ್ತಿತು, ಎತ್ತುಗಳು ಗಾಡಿಯನ್ನು ತಮಗೆ ಬೇಕಾದಲ್ಲಿಗೆ ಎಳೆದುಕೊಂಡು ಹೋದವು. ಅದನ್ನು ಬಿಡಿಸಲು ಇನ್ನೊಬ್ಬ ಪಂಚನ ಅರ್ಜಿ ಖರ್ಚಾಯಿತು. ಸಾವಂತ್ರವ್ವ ಸಂಜೆಯೊಳಗೆ ಕಿಟಕಿಗೆ ಬೀಗ ಹಾಕಿಸಿದಳು.

ಅಕ್ಕ ಸೋಮವಾರ ಬಂದಳು. ಬೀಗ ನೋಡಿದಳು. ಅವಳಿಗೆ ನಾನು ಏನೂ ಹೇಳಬೇಕಾಗಲಿಲ್ಲ. ಅವಳು ಬೇರೆ ಪುಟ ಕೇಳಿ, ಊರಿಗೂ ಹಾಗೆ ಆದರೆ, ಪ್ರತಿ ಹೆಂಡತಿಗೆ ಬೇರೆ ಪುಟ, ಪ್ರತಿ ಮಗುವಿಗೆ ಬೇರೆ ಪುಟ. ದೀಪ ಹಚ್ಚುವ ಹೊತ್ತಿಗೆ ತೊಟ್ಟಿಲಿನ ಕೂಸು ಯಾವ ಹೊಸ್ತಿಲಿಗೆ ಹೋಗಬೇಕು?

“ಅಂಬಿ, ಕೂಸುಗಳನ್ನ ಬೀದಿಗೆ ಹಾಕಿ ನಾ ಬಿಡಸ್ಕೊಳ್ಳೂದು ಬ್ಯಾಡ,” ಎಂದು ಅಕ್ಕ ಕಾಗದವನ್ನು ಮತ್ತೆ ಮಡಿಸಿದಳು. “ನೀ ಇಂಥಾ ಕೆಲಸ ಮಾಡತಿ. ನಿನಗ ಸರಿ ಮಾಡಾಕ ಬರತೈತಿ ಅಂತ ನಂಬೀನಿ. ಬರತೈತಿಲ್ಲ?”

“ಬರತೈತಿ,” ಎಂದೆ. ಬರುತ್ತದೆಂದು ನನಗೆ ಗೊತ್ತಿತ್ತು.

ಮೂರು ವಾರ ನಾನು ಬೇರೆ ಕೆಲಸ ಮುಟ್ಟಲಿಲ್ಲ. ಹೊರಗಿನ ಪ್ರಪಂಚದಲ್ಲಿ ಕೊಂಡಿಗಳಿಗೇನೂ ಬರವಿಲ್ಲ; ಹೊಸ ಹೊಸವು ಬಣ್ಣ ಬಳಿದುಕೊಂಡು ಬರುತ್ತಲೇ ಇರುತ್ತವೆ. ಎಲ್ಲವೂ ತಾವೇ ವೇಗ, ತಾವೇ ಭದ್ರ ಎನ್ನುತ್ತವೆ. ನಾನು ಜಾಹೀರಾತು ಓದುವವಳಲ್ಲ. ಕಟ್ಟಿದವರು ಎಷ್ಟು ಜನ, ಕೊನೆಯ ಸಲ ರಿಪೇರಿಗೆ ಕೈ ಹಾಕಿದ್ದು ಯಾವತ್ತು, ನಮ್ಮ ಹೊಸ ಡೇಟಾಬೇಸಿನ ಜೊತೆ ಹೊಂದುತ್ತದೆಯೇ, ದಾರಿಯಲ್ಲಿ ಯಾರಾದರೂ ಇಣುಕಲು ಆಗುತ್ತದೆಯೇ, ನಮ್ಮ ಗುಪ್ತಪದವನ್ನು ಎಲ್ಲೆಂದರಲ್ಲಿ ಬಿಚ್ಚಿಡುತ್ತದೆಯೇ ಎಂದು ನೋಡುತ್ತ ಹೋದೆ. ಹಾಗೆ ಜರಡಿ ಹಿಡಿದ ಮೇಲೆ ಎರಡು ಉಳಿದವು. ಆ ಎರಡನ್ನು ಕಟ್ಟಿದವರಿಗೂ ನಮ್ಮ ಹಳೆಯ ಕೊಂಡಿ ಕಟ್ಟಿದವನಿಗೂ ಒಂದೇ ಪತ್ರ ಬರೆದೆ. ನಮ್ಮ ಊರಿನಲ್ಲಿ ಬಾಗಿಲು ತಿರುಗಿದ್ದು ಹೀಗೆ, ನಿಮ್ಮ ಕೊಂಡಿಯಲ್ಲಿ ಹೀಗಾಗುತ್ತದೆಯೇ, ದಯವಿಟ್ಟು ತಿಳಿಸಿ.

ಹಳೆಯವನಿಗೆ ಬರೆದದ್ದು ಆ ವಿಳಾಸವೇ ಇಲ್ಲವೆಂದು ವಾಪಸು ಬಂತು. ಅವನು ಕೊನೆಯ ಸಲ ಕೊಂಡಿ ಮುಟ್ಟಿ ಹನ್ನೊಂದು ವರ್ಷವಾಗಿತ್ತು. ಎರಡನೆಯದನ್ನು ಕಟ್ಟಿದವನು ತೇಜಕುಮಾರ ಎಂಬ ಸೊಗಸುಗಾರ. ಒಂದೇ ಗಂಟೆಯಲ್ಲಿ ಉತ್ತರ ಬಂತು: ನಮ್ಮಲ್ಲಿ ಯಾವ ದೋಷವೂ ಇಲ್ಲ, ನಾನೇ ಬಂದು ತೋರಿಸುತ್ತೇನೆ. ಕೆಳಗೆ ಕೈಮುಗಿದ ಚಿತ್ರಗಳು ಒಂಬತ್ತು. ಮೂರನೆಯವರಿಂದ ನಾಲ್ಕು ದಿನ ಸುದ್ದಿಯಿಲ್ಲ. ಐದನೆಯ ದಿನ ಉತ್ತರ ಬಂತು. ಈ ದೋಷ ಎರಡು ವರ್ಷದ ಹಿಂದೆ ನಮ್ಮಲ್ಲೂ ಇತ್ತು, ಇಂಥ ದಿನ ತಿದ್ದಿದ್ದೇವೆ, ಅದಕ್ಕಿಂತ ಹಿಂದಿನದನ್ನು ಮಾತ್ರ ಹಾಕಿಕೊಳ್ಳಬೇಡಿ, ನಮ್ಮ ತಪ್ಪುಗಳ ಪಟ್ಟಿ ಈ ಪುಟದಲ್ಲಿದೆ, ನಿಮಗೆ ಹೊಸದೇನಾದರೂ ಕಂಡರೆ ಬರೆಯಿರಿ ಎಂದಿತ್ತು. ಓದಿ ಮುಗಿಸಿದಾಗಲೇ ನನ್ನ ಮನಸ್ಸು ನಿರ್ಧಾರ ಮಾಡಿಬಿಟ್ಟಿತ್ತು.

ಆದರೆ ನನ್ನ ಮನಸ್ಸಿಗೆ ಪಂಚರ ಸಹಿ ಬೇಕು. ಬುಧವಾರ ಬೆಳಿಗ್ಗೆ ಚಾವಡಿಯಲ್ಲಿ ಸಭೆ ಸೇರಿತು. ಅಡಿವೆಪ್ಪ ಎಲ್ಲರಿಗಿಂತ ಮೊದಲು ಬಂದು ಕೂತಿದ್ದ. ಅಕ್ಕ ಹೆಂಗಸರ ಸಾಲಿನಲ್ಲಿ ಕಂಬಕ್ಕೆ ಒರಗಿಕೊಂಡಿದ್ದಳು. ಅವಳ ಅರ್ಜಿಯ ವಿಷಯ ಯಾರಿಗೂ ಹೇಳಿರಲಿಲ್ಲ, ಯಾರಿಗೂ ಗೊತ್ತಿಲ್ಲದೆಯೂ ಇರಲಿಲ್ಲ.

“ಕಿಟಕಿ ಮುಚ್ಚೇ ಇರಲಿ,” ಎಂದ ಅಡಿವೆಪ್ಪ. “ಅರ್ಜಿ ಇಲ್ಲದ ಜನ ಸತ್ತು ಹೋಗ್ಯಾರೇನು? ಯಾರ್ಯಾರು ಎಲ್ಲೆಲ್ಲಿ ಅದಾರ, ಅಲ್ಲಲ್ಲೇ ಇರಲಿ.”

ಇಬ್ಬರು ಪಂಚರು ತಲೆ ಆಡಿಸಿದರು. ಕಿಟಕಿ ಮುಚ್ಚೇ ಇದ್ದರೆ ಅಕ್ಕ ಸಾಯುವ ತನಕ ಆ ತಾಟಿನ ಸದ್ದು ಕೇಳುತ್ತ ಕೂರಬೇಕು.

ಸಾವಂತ್ರವ್ವ, “ಕೇಳೂನಂತ ಮೊದಲ,” ಎಂದು ತೇಜಕುಮಾರನ ಕಡೆ ಕೈ ಮಾಡಿದಳು. ಅವನು ಹೊಳೆಯುವ ಬೂಟು ಹಾಕಿಕೊಂಡು ಹನ್ನೊಂದರ ಬಸ್ಸಿಗೆ ಇಳಿದಿದ್ದ. “ಮೇಡಂ, ನಿಮ್ಮ ಸಮಸ್ಯೆ ಇರೋದು ಕೊನೆಯ ಸಾಲಿನಲ್ಲಿ. ನನ್ನ ಕೊಂಡಿ ಅಂಥ ಅಪಾಯದ ಮಾತನ್ನ ಹುಡುಕಿ ಕತ್ತರಿಸಿ ಬಿಸಾಡುತ್ತೆ. ಒಳಗೆ ಹೋಗೋದೇ ಇಲ್ಲ,” ಎಂದ.

“ಯಾವುದನ್ನ ಕತ್ತರಸ್ತೀಯಪ್ಪ?”

“ಅದೇ, ಊರಿಗೂ ಹಾಗೆ ಅನ್ನೋದು.”

ಚಾವಡಿ ಗೊಳ್ಳೆಂದಿತು. ಆ ಸಾಲಿಲ್ಲದ ಅರ್ಜಿಯನ್ನು ದಫ್ತರ ಓದುವುದೇ ಇಲ್ಲವೆಂದು ಪಾಪ ಅವನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ, ಕೇಳಲಿ ಎಂದು ಕಾದಿದ್ದೆ, ಕೇಳಲಿಲ್ಲ. ಅವನು ಬೇರೆ ಏನೋ ದಾರಿ ಹೇಳಲು ಹೊರಟಾಗ ಸಾವಂತ್ರವ್ವ ಕೈ ಎತ್ತಿದಳು. “ಅದಿರಲಿ. ನಿನಗ ಏನರ ಹೆಚ್ಚುಕಮ್ಮಿ ಆದ್ರ ನಿನ್ನ ಕೊಂಡಿ ಯಾರು ನೋಡತಾರ?”

“ನನಗೆ ಇನ್ನೂ ಮೂವತ್ತೆರಡು ವಯಸ್ಸು, ಅಮ್ಮ.”

“ಭಾಳ ಸಣ್ಣ ವಯಸ್ಸು. ಉಂಡು ಹೋಗಪ್ಪ,” ಎಂದಳು ಸಾವಂತ್ರವ್ವ. ಅವನು ಉಂಡು ಮೂರರ ಬಸ್ಸಿಗೆ ಹೋದ. ಅವನು ಕೆಟ್ಟವನಲ್ಲ. ಒಬ್ಬನೇ ಇದ್ದ, ಗೊತ್ತಿಲ್ಲ ಎಂದು ಹೇಳುವ ಅಭ್ಯಾಸ ಇರಲಿಲ್ಲ, ಅಷ್ಟೇ.

ನನ್ನ ಸರದಿ ಬಂತು. ಮೂರನೆಯವರ ಪತ್ರ ಓದಿದೆ, ಅವರ ಕೊಂಡಿ ಕೆಲಸ ಮಾಡುವ ರೀತಿ ಹೇಳಿದೆ. “ಎವ್ವಾ, ಬೀಗರ ಊಟಕ್ಕ ಮೊದಲ ಎಲಿ ಹಾಕತೀವಿ, ಆಮ್ಯಾಲೆ ಬಡಸತೀವಿ. ಬಡಿಸಿದ್ದು ಹೋಳಿಗಿ ಇರಲಿ, ಹಾಗಲಕಾಯಿ ಇರಲಿ, ಎಲಿ ಎಷ್ಟು ಅನ್ನೂದು ಬದಲಾಗೂದಿಲ್ಲ. ಈ ಕೊಂಡಿನೂ ಹಂಗ. ಮೊದಲ ನನ್ನ ಅಪ್ಪಣಿ ಒಂದ ಹೋಗತೈತಿ: ಇಂಥಾ ಪುಟದಾಗ ಒಂದು ಜಾಗ ಬಿಡು, ಮಾತು ಬರತೈತಿ ಅಂತ. ಅದಕ್ಕ ದಫ್ತರ ಹೂಂ ಅಂದ ಮ್ಯಾಲೆ ಅರ್ಜಿಯ ಮಾತು ಬ್ಯಾರೆ ಚೀಲದಾಗ ಹೋಗಿ ಆ ಜಾಗದಾಗ ಕುಂದರತೈತಿ. ಚೀಲದಾಗ ಏನ ಇದ್ರೂ ಅದು ಅಪ್ಪಣಿ ಆಗೂದಿಲ್ಲ. ಊರಿಗೆ ಒಳ್ಳೇದು ಬಯಸಿದ್ದು ಬಯಕಿಯಾಗೇ ಉಳೀತೈತಿ.”

ಸಾವಂತ್ರವ್ವನಿಗೆ ಎಲೆಯ ಮಾತು ಹಿಡಿಸಿತು. ಅಡಿವೆಪ್ಪ ಅಷ್ಟು ಸುಲಭಕ್ಕೆ ಬಿಡುವವನಲ್ಲ. ಪತ್ರ ಇಸಿದುಕೊಂಡ, ಅದರ ಜೊತೆಗಿದ್ದ ಪಟ್ಟಿಯ ಮೇಲೆ ಬೆರಳಿಟ್ಟು ಎಣಿಸಿದ. “ನಲವತ್ಮೂರು ತಪ್ಪು! ತಮ್ಮ ಕೈಯಾರೆ ಬರದು ಒಪ್ಪಿಕೊಂಡಾರ. ನಲವತ್ಮೂರು ಸಲ ಎಡವಿದವರ ಕೈಯಾಗ ಊರಿನ ದಫ್ತರ ಕೊಡತೀರಿ?”

ಸಭೆಯಲ್ಲಿ ಗುಜುಗುಜು ಎದ್ದಿತು. ಇದು ಬರುತ್ತದೆಂದು ನನಗೆ ಗೊತ್ತಿತ್ತು. “ಮಾವಾ,” ಎಂದೆ ಅಡಿವೆಪ್ಪನಿಗೆ, “ಪ್ರತಿ ತಪ್ಪಿನ ಮುಂದ ಎರಡು ತಾರೀಖು ಅದಾವ, ನೋಡ್ರಿ. ಒಂದು ಗೊತ್ತಾದದ್ದು, ಒಂದು ತಿದ್ದಿದ್ದು. ಭಾಳ ಅಂದ್ರ ಹತ್ತು ದಿನ ಫರಕು. ಆರು ಮಂದಿ ಅದನ್ನೇ ನೋಡ್ಕೊಂತ ಕುಂತಾರ. ನಮ್ಮ ಹಳೇ ಕೊಂಡಿಯಾಂವ ಹನ್ನೊಂದು ವರ್ಷದಾಗ ಒಂದು ತಪ್ಪೂ ಬರದಿಲ್ಲ. ತಪ್ಪು ಇಲ್ಲಂತಲ್ಲ. ಮಾತೇ ಆಡಿಲ್ಲ. ಮಾತು ಬಿಟ್ಟು ಕುಂತಾಂವ ತಪ್ಪಿಲ್ಲದಾಂವ ಅಂತ ತಿಳಕೊಂಡಿದ್ದೇ ನಾವು ಮಾಡಿದ ತಪ್ಪು.”

ಕೊಂಡಿಯ ಬಗ್ಗೆಯೇ ಹೇಳಿದ್ದೆ ನಾನು. ಆದರೆ ಕೆಲವರು ಅಕ್ಕನ ಕಡೆ ನೋಡಿದರು, ಕೆಲವರು ತಮ್ಮ ಕಾಲ ಬೆರಳು ನೋಡಿಕೊಂಡರು. ಅಡಿವೆಪ್ಪನ ಕಿವಿ ಕೆಂಪಾಯಿತು.

“ಇದರಾಗ ನಿನ್ನ ಸ್ವಾರ್ಥ ಐತಿ,” ಎಂದ.

“ಐತಿ,” ಎಂದೆ. “ನನ್ನ ಅಕ್ಕನ ಸಲುವಾಗಿ ಹುಡುಕೀನಿ. ಅದಕ್ಕ ಮೈಯೆಲ್ಲ ಕಣ್ಣಾಗಿ ಹುಡುಕೀನಿ. ಬರೇ ಊರಿನ ಸಲುವಾಗಿ ಆಗಿದ್ರ ಇಷ್ಟು ನೋಡತಿದ್ದಿಲ್ಲೋ ಏನೋ.”

ಸಾವಂತ್ರವ್ವ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ಆಮೇಲೆ ಗಂಭೀರವಾದಳು. “ಮಾತು ಖರೇ ಅನಸತೈತಿ ಅಂಬವ್ವ. ಆದರ ಕೂಸುಗಳ ವಿಷಯ. ಒಂದು ಅರ್ಜಿ ಹಾಕಿ ನೋಡದ ನಾ ಸಹಿ ಮಾಡೂದಿಲ್ಲ.”

“ಯಾರ ಅರ್ಜಿ?” ಎಂದು ಅಡಿವೆಪ್ಪ ಸುತ್ತ ನೋಡಿದ. “ಜನ್ಮಕ್ಕೊಂದು ಇರೂದು. ಪರೀಕ್ಷಾಕ್ಕ ಯಾರು ಸುರೀತಾರ?” ಯಾರೂ ಅವನ ಕಣ್ಣಿಗೆ ಕಣ್ಣು ಕೊಡಲಿಲ್ಲ. ಅವನು ಸರಿಯಾದ ಜಾಗಕ್ಕೇ ಗುರಿ ಇಟ್ಟಿದ್ದ.

“ನಂದು ಐತಿ,” ಎಂದೆ.

ಅಕ್ಕ ಕಂಬ ಬಿಟ್ಟು ಎದ್ದು ನಿಂತಳು. ನನ್ನ ಅರ್ಜಿ ಯಾತಕ್ಕೆ ಇಟ್ಟುಕೊಂಡಿದ್ದೆನೆಂದು ಅವಳಿಗೆ ಗೊತ್ತು. ಶಾಲೆಯಲ್ಲಿ ಕುಂಟೆಬಿಲ್ಲೆ ಆಡುವಾಗ ಹುಡುಗಿಯರು, ನೀನು ಹೇಗೂ ದಿನಾ ಆಡುತ್ತೀಯಲ್ಲ ಎಂದು ನಕ್ಕ ದಿನ ಅವಳೇ ನನ್ನನ್ನು ಎತ್ತಿಕೊಂಡು ಮನೆಗೆ ತಂದಿದ್ದಳು. ದೊಡ್ಡವಳಾದ ಮೇಲೆ ಕಾಲು ಕೇಳಿಕೋ ಎಂದಿದ್ದಳು. ಮುಂದಿನ ವರ್ಷ, ಮುಂದಿನ ವರ್ಷ ಎಂದು ನಾನು ಮುಂದೂಡುತ್ತಲೇ ಬಂದಿದ್ದೆ.

“ಕಾಲನ್ನೇ ಕೇಳ ಅಂಬಿ,” ಎಂದಳು. “ಪರೀಕ್ಷಾನೂ ಆಗತೈತಿ, ಕಾಲೂ ಬರತೈತಿ.”

ಅದನ್ನು ನಾನು ಯೋಚಿಸಿ ಆಗಿತ್ತು. “ಆಗೂದಿಲ್ಲಕ್ಕ. ಎಡಗಾಲು ಬಲಗಾಲಿನಷ್ಟು ಆಗಲಿ ಅಂತ ನಾ ಕೇಳಿದ್ರ, ಅದು ಊರಿಗೆಲ್ಲ ಹಬ್ಬಿದ್ರೂ ಯಾರಿಗೂ ಕಾಣೂದಿಲ್ಲ. ಊರಿನ ಕಾಲೆಲ್ಲ ಮೊದಲ ಸರಿ ಅದಾವ. ಯಾರ ಮೈಮ್ಯಾಲೂ ಇಲ್ಲದ್ದನ್ನ ಕೇಳಬೇಕು.”

ಹೇಳುವಾಗ ನನ್ನ ದನಿ ಗಟ್ಟಿಯಾಗೇ ಇತ್ತು. ಹೊಸ ಕೊಂಡಿಯನ್ನು ಹಾಕಿದೆ, ಬೀಗ ತೆಗೆಸಿದೆ, ಚಾವಡಿಯ ಪಕ್ಕದಲ್ಲೇ ಇದ್ದ ಕಿಟಕಿಯ ಮುಂದೆ ನಿಂತೆ. ನನ್ನ ಎಡ ಅಂಗೈ ನಡುವೆ ಜೋಳದ ಕಾಳಿನಷ್ಟು ಹಸಿರು ಮಚ್ಚೆ ಬರಲಿ, ನನಗೆ ಹೇಗೋ ಊರಿಗೂ ಹಾಗೆ ಎಂದು ಬರೆದೆ. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿ, ಕಳಿಸಿಬಿಟ್ಟೆ.

ಅಂಗೈ ಚುರುಗುಟ್ಟಿತು. ಹಸಿರು ಮಚ್ಚೆ ಬಂದು ಕೂತಿತ್ತು. ಚಾವಡಿಯಲ್ಲಿದ್ದ ನೂರಿನ್ನೂರು ಜನ ಒಟ್ಟಿಗೆ ತಮ್ಮ ಎಡಗೈ ಬಿಡಿಸಿ ನೋಡಿಕೊಂಡರು. ಕೆಲವರು ಉಗುಳು ಹಚ್ಚಿ ತಿಕ್ಕಿ ನೋಡಿದರು. ಗುರುಪಾದಪ್ಪ ಎಣ್ಣೆ ಕೈಯನ್ನು ಧೋತ್ರಕ್ಕೆ ಮೂರು ಸಲ ಒರೆಸಿ ಬೆಳಕಿಗೆ ಹಿಡಿದ. ಹೊಲಗಳಿಗೆ, ಸಂತೆಗೆ, ಶಾಲೆಗೆ ಜನ ಓಡಿದರು. ತಾಸಿನೊಳಗೆ ಎಲ್ಲ ಕಡೆಯಿಂದ ಸುದ್ದಿ ಬಂತು. ಊರಿನಲ್ಲಿ ಹಸಿರು ಮಚ್ಚೆ ಇದ್ದದ್ದು ಒಂದೇ ಒಂದು ಅಂಗೈಯಲ್ಲಿ. ಸಾವಂತ್ರವ್ವ ಆ ಅಂಗೈಯನ್ನು ಹಿಡಿದು ನೋಡಿ, ಕಣ್ಣಿಗೆ ಒತ್ತಿಕೊಂಡು ಸಹಿ ಮಾಡಿದಳು. ಉಳಿದ ಮೂವರೂ ಮಾಡಿದರು. ಕೊಂಡಿಗೆ ಅಷ್ಟು ಸಹಿ ಸಾಕಾಗಿತ್ತು.

ಮರುದಿನ ಬೆಳಿಗ್ಗೆ ಕಿಟಕಿಯ ಬಳಿ ಅಕ್ಕ ಒಬ್ಬಳೇ ಇರಲಿಲ್ಲ, ಅರ್ಧ ಊರು ಇತ್ತು. ತಾಯಂದಿರು ಕೂಸುಗಳನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಂಡಿದ್ದರು. ನನ್ನ ಅಂಗೈ ನೋಡಿ ಬುದ್ಧಿ ಒಪ್ಪಿದ್ದರೂ ಕರುಳು ಒಪ್ಪಬೇಕಲ್ಲ. ಅಕ್ಕ ಕಾಗದ ಬಿಚ್ಚಿ, ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಅಕ್ಷರ ಒತ್ತಿದಳು. ಆಗ ಜನ ದಾರಿ ಬಿಟ್ಟರು. ಅಡಿವೆಪ್ಪ ಬಂದು ಅವಳ ಪಕ್ಕದಲ್ಲಿ ನಿಂತ. ಎಲ್ಲರಿಗೂ ಕೇಳುವಂತೆ ಅವಳಿಗೆ ಹೇಳಿದ, “ಕಳಸಬ್ಯಾಡ.”

ಹತ್ತೊಂಬತ್ತು ವರ್ಷಕ್ಕೆ ಮೊದಲ ಮಾತು. ನನಗೆ ಭಯವಾಯಿತು, ಬತ್ತಿದ ಕೆರೆಗೆ ಒಂದು ಹನಿ ಬಿದ್ದರೂ ನೀರು ಎನಿಸುವ ಕಾಲ ಇರುತ್ತದೆ. ಅಕ್ಕ ಅವನ ಕಡೆ ತಿರುಗಿದಳು.

“ನಿಮ್ಮ ದನಿ ಮರತೇ ಹೋಗಿತ್ತು,” ಎಂದಳು. “ಛಲೋ ಐತಿ ದನಿ. ಇಷ್ಟು ವರ್ಷ ಸುಮ್ಮನ ಇಟ್ಕೊಂಡು ಕುಂತ್ರಿ.” ಹಾಗೆಂದು ಕೀಲಿ ಒತ್ತಿದಳು.

ಆ ದಿನ ಹೊತ್ತು ಹೋಗಲೇ ಇಲ್ಲ. ಮಧ್ಯಾಹ್ನಕ್ಕೆಲ್ಲ ಊರಿನವರು ತಾವಾಗಿಯೇ ಮನೆ ಸೇರಿದ್ದರು, ಗಂಡಂದಿರು ಹೆಂಡತಿಯರ ಹತ್ತಿರ ಹತ್ತಿರವೇ ಕೂತಿದ್ದರು. ನಾನು ಅಕ್ಕನಿಗೆ ಹಾಸಿಗೆ ಹಾಸಿದೆ, ಹೊಸ ಹೊದಿಕೆ ತೆಗೆದೆ. ಅವಳ ಪುಟದಲ್ಲಿ ನನ್ನ ಹೊಸ್ತಿಲನ್ನೇ ಬರೆದುಕೊಂಡಿರುತ್ತಾಳೆಂದು ನನಗೆ ಖಾತ್ರಿಯಿತ್ತು. ಇನ್ನೆಲ್ಲಿ ಬರೆಯುತ್ತಾಳೆ? ದೀಪ ಹಚ್ಚುವ ಹೊತ್ತು ಬಂತು. ನಾನು ಒಳಗಿನಿಂದ ಹೊಸ್ತಿಲ ಮೇಲೆ ಬಂದು ನಿಂತೆ. ಓಣಿಯ ಮನೆಮನೆಯಿಂದ ತಲೆ ಎಣಿಸುವ ಕೂಗು ಕೇಳತೊಡಗಿತು. “ನಮ್ಮವು ಐದೂ ಅದಾವ್ರಿ!” “ನಮ್ಮ ಕೂಸು ತೊಟ್ಟಿಲದಾಗ ಐತ್ರಿ!” “ನಮ್ಮಾಂವನೂ ಇಲ್ಲೇ ಅದಾನ್ರಿ!” ಕೊನೆಯ ದನಿಯಲ್ಲಿ ಒಂದಿಷ್ಟು ನಿರಾಸೆ ಇದ್ದಂತೆ ನನಗೆ ಕೇಳಿಸಿತು. ಆ ಮನೆಯ ಹೆಸರು ಹೇಳುವುದಿಲ್ಲ.

ಹಿಂದೆ ತಿರುಗಿ ನೋಡಿದೆ. ಅಕ್ಕ ಮಣೆಯ ಮೇಲೆ ಕೂತಿದ್ದಳು. ಕೂತೇ ಇದ್ದಳು. ನಾನು ಅತ್ತೆ, ನಾಚಿಕೆಯಿಲ್ಲದೆ ಅತ್ತೆ. ಅವಳು ಎದ್ದು ಬಂದು ನನ್ನ ತಲೆ ಸವರಿದಳು, ನನ್ನ ಪಕ್ಕದಿಂದ ಕಾಲು ಎತ್ತಿಟ್ಟು ಹೊಸ್ತಿಲು ದಾಟಿ ಅಂಗಳಕ್ಕೆ ಇಳಿದಳು.

“ಅಕ್ಕಾ!” ಎಂದು ಕಿರುಚಿದೆ. ಅವನ ಹೊಸ್ತಿಲು ಮತ್ತೆ ಎಳೆಯುತ್ತಿದೆ ಎಂದೇ ತಿಳಿದೆ. ನನ್ನ ಕಾಲು ಮುಂದೆ ಬರಲೊಲ್ಲದು.

“ಹೆದರಬ್ಯಾಡ,” ಎಂದಳು ಅಂಗಳದಿಂದ. “ನನ್ನ ಪುಟದಾಗ ಹೊಸ್ತಿಲಿನ ಜಾಗ ಖಾಲಿ ಬಿಟ್ಟೀನಿ. ಯಾವುದೂ ಬರದಿಲ್ಲ, ನಿಂದೂ ಬರದಿಲ್ಲ. ಬರತೀನಿ ತಡಿ.” ಅಡಿವೆಪ್ಪನ ಮನೆ ಇರುವುದು ಎಡಕ್ಕೆ. ಅವಳು ಬಲಕ್ಕೆ ತಿರುಗಿ ನಡೆದಳು.

ನಾನು ಹೊಸ್ತಿಲ ಮೇಲೆ ಕೂತೆ. ಒಬ್ಬರು ಮನೆಗೆ ಬರಲಿ ಎಂದು ದಾರಿ ನೋಡುವುದು ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ, ನಮ್ಮ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಸಾರು ಆರಿತು, ಮತ್ತೆ ಬಿಸಿ ಮಾಡಿದೆ. ಬೆಕ್ಕು ಸುಳಿದರೂ ಅವಳೇ ಎಂದುಕೊಂಡೆ. ಯಾವ ಓಣಿಯಲ್ಲಿದ್ದಾಳೋ, ಕಲ್ಲು ಎಡವಿದಳೋ, ಕನ್ನಡಕ ಒಯ್ದಿದ್ದಾಳೋ ಇಲ್ಲವೋ ಎಂದು ಜೀವ ಹಿಡಿಯಾಯಿತು. ಕೊನೆಗೆ ಓಣಿಯ ತುದಿಯಲ್ಲಿ ಅವಳ ಹಾಡು ಕೇಳಿಸಿತು. ಅವಸರವಿಲ್ಲದೆ ಬಂದಳು, ಕೈ ಬೀಸಿಕೊಂಡು.

“ಇಷ್ಟೊತ್ತನಕ ಎಲ್ಲಿ ಹೋಗಿದ್ದಿ? ಮನಿ ನೆನಪು ಐತಿಲ್ಲೋ ನಿನಗ? ಇದೇನು ಮನಿಗೆ ಬರೂ ಹೊತ್ತೇನು?” ಎಂದು ಬೈದೆ. ಮನೆಗೆ ತಡವಾಗಿ ಬಂದವರನ್ನು ನಮ್ಮ ಊರಿನಲ್ಲಿ ಯಾರಾದರೂ ಬೈದದ್ದು ಅದೇ ಮೊದಲು, ಆ ಮಾತುಗಳು ನನ್ನ ಬಾಯಿಗೆ ಎಲ್ಲಿಂದ ಬಂದವೋ ಗೊತ್ತಿಲ್ಲ. ಅಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದಳು, ತಪ್ಪಾಯಿತು ಎನ್ನುತ್ತ ನಗುತ್ತಿದ್ದಳು, ನಾನು ಬೈಯುತ್ತಲೇ ಇದ್ದೆ.